ಚೊಕ್ಕ ಶಾಲೆಯ ಬೀಗ

ಮೂರನೇ ಕಕ್ಕಸಿನಲ್ಲಿ ಮತ್ತೆ ರಕ್ತ.

ಆಯಾ ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. ಬಾಯಿಗೆ ಬಂದಂತೆ ಬೈದಳು. ಯಾರನ್ನು ಬೈಯುತ್ತಿದ್ದೇನೆ ಎನ್ನುವುದೇ ಗೊತ್ತಿರಲಿಲ್ಲ, ಅದಕ್ಕೆ ಇನ್ನಷ್ಟು ಬೈದಳು. ನಾನೂರು ಹೆಣ್ಣುಮಕ್ಕಳ ಶಾಲೆ. ಆರು ಕಕ್ಕಸು. ಆ ನಾನೂರರಲ್ಲಿ ಯಾವಳೋ ಒಬ್ಬಳು ದಿನಾ ಬಿಡುವಿನ ಹೊತ್ತಿಗೆ ಮೂರನೇ ಬಾಗಿಲನ್ನೇ ಹುಡುಕಿಕೊಂಡು ಬರುತ್ತಾಳೆ. ನೀರು ಸುರಿಯುತ್ತಾಳೆ, ಸುರಿಯುವುದಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಆದರೆ ಒಂದು ಮಗ್ಗು ನೀರಿಗೆ ಜಗ್ಗುವಂಥದ್ದಲ್ಲ ಅದು. ಬಿಳಿ ಪಿಂಗಾಣಿಗೆ ಲೋಳೆಯಾಗಿ ಅಂಟಿಕೊಂಡಿರುತ್ತದೆ. ಒಣಗಿದರೆ ಬ್ರಷ್ಷಿಗೂ ಬರುವುದಿಲ್ಲ. ಮೊಣಕಾಲೂರಿ, ಉಗುರು ಹಾಕಿ ಕೆರೆಯಬೇಕು.

ಕೆರೆದಳು. ಹತ್ತು ವರ್ಷದ ಕೆಲಸ. ಮೊದಲ ತಿಂಗಳು ವಾಂತಿ ಮಾಡಿದ್ದಳು. ಆಮೇಲೆ ಮೂಗು ಸತ್ತುಹೋಯಿತು ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅದು ಸುಳ್ಳು. ಮೂಗು ಸತ್ತಿರಲಿಲ್ಲ. ಕಲಿತಿತ್ತು. ಯಾರಿಗೆ ಅಜೀರ್ಣ, ಯಾರ ಹೊಟ್ಟೆಯಲ್ಲಿ ಹುಳ, ಯಾರು ಹಿಂದಿನ ದಿನ ಹಸಿದುಕೊಂಡಿದ್ದರು, ಎಲ್ಲ ಹೇಳಬಲ್ಲಳು. ಕೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಇದೇ ಮಾತು. ಒಂದು ಕೋಣೆಯ ಮನೆ. ಗಂಡ ಲಾರಿಗೆ ಸಾಮಾನು ತುಂಬುವವನು, ಲಾರಿ ಹೋದಲ್ಲಿ ಅವನು. ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಉಳಿದವರು ಮೂವರು: ಆಯಾ, ಅವಳ ಅತ್ತೆ, ಹನ್ನೆರಡು ವರ್ಷದ ಮಗಳು.

“ಯಾವ ತಾಯಿ ಹೆತ್ತಳೋ ಅವಳನ್ನ,” ಎಂದಳು ಆಯಾ. “ಮೈ ನೆರೆದ ಮಗಳಿಗೆ ಹೆಂಗಿರಬೇಕು ಅಂತ ಹೇಳ್ಕೊಡೋಕೆ ಆ ತಾಯಿಗೆ ಬಾಯಿ ಬಿದ್ದೋಗಿದೆಯಾ?”

“ಉಣ್ಣೋ ಹೊತ್ತಲ್ಲಿ ನಿನ್ನ ಕಕ್ಕಸಿನ ಪುರಾಣ ಬೇಡ ಕಣೆ,” ಎಂದಳು ಅತ್ತೆ.

“ಈ ಊಟ ಬಂದಿದ್ದೇ ಆ ಕಕ್ಕಸಿಂದ ಅತ್ತೆ.”

ಮಗಳು ತಲೆ ಎತ್ತಲಿಲ್ಲ. ತಟ್ಟೆಯಲ್ಲಿ ಅನ್ನವನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿದಳು. ಸಾಕು ಎಂದು ಎದ್ದಳು. ಮೂರು ತಿಂಗಳಿಂದ ಹೀಗೇ. ಶಾಲೆಯಲ್ಲಿ ಅವಳಿಗೆ ಕಡ್ಡಿ ಎಂದು ಹೆಸರು ಬಿದ್ದಿತ್ತು. ಉದ್ದ ಆಗುವ ವಯಸ್ಸು, ಮೈ ಇಳಿಯುತ್ತದೆ ಎಂದು ಆಯಾ ಅಂದುಕೊಂಡಿದ್ದಳು. ನಾನೂರು ಮಕ್ಕಳ ಹೊಟ್ಟೆ ಓದಬಲ್ಲವಳು ಮನೆಯಲ್ಲಿದ್ದ ಒಂದು ಹೊಟ್ಟೆಯನ್ನು ಓದಿರಲಿಲ್ಲ.

ಮಗಳು ಓದುತ್ತಿದ್ದದ್ದು ಅದೇ ಶಾಲೆಯಲ್ಲಿ. ಹಿಂದೆ ಇದ್ದ ಮೇಡಮ್ಮಿನ ಕಾಲು ಹಿಡಿದು ಆಯಾ ಆ ಸೀಟು ಸಂಪಾದಿಸಿದ್ದಳು. ಸೇರಿಸಿದ ದಿನವೇ ಗೇಟಿನ ಹೊರಗೆ ನಿಲ್ಲಿಸಿಕೊಂಡು ಒಂದು ಮಾತು ಹೇಳಿದ್ದಳು.

“ಗೇಟು ದಾಟಿದ ಮೇಲೆ ನಾನು ನಿನಗೆ ಅಮ್ಮ ಅಲ್ಲ. ನೀನು ನನಗೆ ಯಾರೂ ಅಲ್ಲ. ಎದುರಿಗೆ ಸಿಕ್ಕಿದ್ರೆ ಎಲ್ಲರ ಥರ ಆಯಾ ಅನ್ನು.”

“ಯಾಕೆ?” ಎಂದಿದ್ದಳು ಆರು ವರ್ಷದ ಮಗಳು.

“ಯಾಕೆ ಅಂದ್ರೆ, ನಿನ್ನ ಪಕ್ಕ ಯಾರಾದ್ರೂ ಕೂತ್ಕೋಬೇಕಲ್ಲ ಮರಿ.”

ಆರು ವರ್ಷ ಇಬ್ಬರೂ ಆ ಮಾತು ಮುರಿಯಲಿಲ್ಲ. ಮಗಳ ಪಕ್ಕ ಯಾರಾದರೂ ಕೂರುತ್ತಿದ್ದರು. ತಾಯಿ ಬುದ್ಧಿ ಓಡಿಸಿ ಮಾಡಿದ ಏರ್ಪಾಟು. ಅದೇ ಮಗಳ ಕುತ್ತಿಗೆಗೆ ಬಂತು.

ಇನ್ನು ಆ ಬೀಗದ ವಿಷಯ.

ಈಗಿನ ದೊಡ್ಡ ಮೇಡಂ ಬಂದು ಮೂರು ವರ್ಷ. ಮೂರು ವರ್ಷವೂ ‘ಚೊಕ್ಕ ಶಾಲೆ’ ಎಂಬ ಬಹುಮಾನ ಆ ಶಾಲೆಗೇ. ಅವಳ ಕೋಣೆಯ ಗೋಡೆಯ ಮೇಲೆ ಮೂರು ಗಾಜಿನ ಚೌಕಟ್ಟು. ಹೇಗೆ ಗೆದ್ದಳು? ಬಂದ ಮೊದಲ ವಾರದಲ್ಲೇ ಅವಳಿಗೊಂದು ಸತ್ಯ ಹೊಳೆದಿತ್ತು. ಬಳಸದ ಕಕ್ಕಸಿನಷ್ಟು ಚೊಕ್ಕ ಕಕ್ಕಸು ಲೋಕದಲ್ಲಿಲ್ಲ. ಹಿತ್ತಾಳೆಯ ದಪ್ಪ ಬೀಗ ತರಿಸಿದಳು. ಬೆಳಗಿನ ಎರಡನೇ ಬೆಲ್ಲಿಗೆ ಕಕ್ಕಸುಗಳ ಹೊರಬಾಗಿಲಿಗೆ ಬೀಗ. ಸಣ್ಣ ಬಿಡುವಿನಲ್ಲಿ ಕಾಲು ಗಂಟೆ, ಊಟದ ಬಿಡುವಿನಲ್ಲಿ ಕಾಲು ಗಂಟೆ ತೆಗೆಯಬೇಕು. ಉಳಿದಂತೆ ಯಾರು ಸತ್ತರೂ ತೆಗೆಯಬಾರದು. ನಾನೂರು ಜನ, ಆರು ಬಾಗಿಲು, ಕಾಲು ಗಂಟೆ. ಹುಡುಗಿಯರು ಲೆಕ್ಕ ಹಾಕಿಕೊಂಡರು. ಬೆಳಗ್ಗೆ ನೀರು ಕುಡಿಯದೆ ಬರುವುದನ್ನು ಕಲಿತರು.

ಬೀಗದಕೈ ಆಯಾಳ ಕೈಗೆ ಬಂತು. “ಇದು ನಿನ್ನ ಜವಾಬ್ದಾರಿ,” ಎಂದಳು ದೊಡ್ಡ ಮೇಡಂ. ಆಯಾಳ ಮನೆಗೆ ಬೀಗವಿರಲಿಲ್ಲ, ಕದಿಯುವಂಥದ್ದೇನೂ ಒಳಗಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಯಾರೋ ನಂಬಿ ಒಂದು ಬೀಗದಕೈ ಕೊಟ್ಟಿದ್ದರು. ಅವಳಿಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡಬಾರದು. ಹೆಮ್ಮೆಯಾಯಿತು. ಬಿಡುವು ಮುಗಿಯುತ್ತಿದ್ದಂತೆ ಪೊರಕೆಯ ಹಿಡಿಯಿಂದ ಬಾಗಿಲುಗಳನ್ನು ಬಡಿದು, “ಏಳ್ರೇ, ಸಾಕು, ಏನು ಮೊಟ್ಟೆ ಇಡ್ತಿದೀರಾ?” ಎಂದು ಎಬ್ಬಿಸುತ್ತಿದ್ದಳು. ಎದ್ದು ಬಂದವರಲ್ಲಿ ಅವಳ ಮಗಳೂ ಇರುತ್ತಿದ್ದಳು. ಗುಂಪಿನಲ್ಲಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು.

ಒಂದು ದಿನ ಎರಡನೇ ಪೀರಿಯಡ್ಡಿನಲ್ಲಿ ಹೊರಬಾಗಿಲು ಬಡಿದ ಸದ್ದು. ಆಯಾ ಪಕ್ಕದ ಸಾಮಾನು ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಬಡಿತ ಜೋರಾಗಿರಲಿಲ್ಲ. ಅಂಗೈಯಿಂದ ಬಡಿದ ಹಾಗೆ. ದನಿ ಇಲ್ಲ.

“ಬೆಲ್ ಹೊಡೀಲಿ,” ಎಂದು ಆಯಾ ಕೂತಲ್ಲಿಂದಲೇ ಕೂಗಿದಳು.

ಮತ್ತೆ ಬಡಿತ.

“ಹೇಳಿದ್ದು ಕೇಳಿಸಲಿಲ್ವಾ? ಬೆಲ್ ಹೊಡೀಲಿ.”

ಬಡಿತ ನಿಂತಿತು. ಚಹಾ ಮುಗಿಸಿ ಹೊರಗೆ ಬಂದರೆ ಬಾಗಿಲಿನಿಂದ ಮೆಟ್ಟಿಲ ತನಕ ಹನಿಹನಿಯಾಗಿ ಸಾಲು. ಕೆಂಪು, ಕಂದು. ಯಾವಳಿಗೋ ಅಲ್ಲೇ ಆಗಿಬಿಟ್ಟಿದೆ. ಆಯಾ ಹಲ್ಲು ಕಡಿದಳು. ಬಗ್ಗಿ ಬಗ್ಗಿ ಒರೆಸಿದಳು. ಒಂದು ಹನಿ ಉಳಿಯದಂತೆ ಒರೆಸಿದಳು, ಏಕೆಂದರೆ ಅದು ಚೊಕ್ಕ ಶಾಲೆ.

ಸಂಜೆ ಮನೆಗೆ ಹೋದಾಗ ಮಗಳು ಹಿಂದಿನ ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಯೂನಿಫಾರಂ ಸ್ಕರ್ಟು ತಿಕ್ಕುತ್ತಿದ್ದಳು. ತಾಯಿಯನ್ನು ನೋಡಿ ಸ್ಕರ್ಟನ್ನು ನೀರಿನೊಳಕ್ಕೆ ಅದುಮಿದಳು. ಆಯಾ ಏನನ್ನೂ ನೋಡುವ ಮೊದಲೇ ಮೂಗು ಹೇಳಿತು. ಆ ವಾಸನೆಯನ್ನು ಅವಳು ಮೂರು ತಿಂಗಳಿಂದ ದಿನಾ ಮೊಣಕಾಲೂರಿ ಕೆರೆದಿದ್ದಳು.

“ಮೂರನೇದು,” ಎಂದಳು.

ಮಗಳಿಗೆ ಅರ್ಥವಾಯಿತು. “ಹೂಂ.”

“ಎಷ್ಟು ದಿನದಿಂದ?”

“ನೀನು ಬೈಯೋಕೆ ಶುರು ಮಾಡಿದಾಗಿಂದ.”

“ಇವತ್ತು ಬಾಗಿಲು ಬಡಿದಿದ್ದು?”

“ನಾನೇ.”

“ಅಮ್ಮ ಅಂತ ಒಂದು ಸಲ ಕೂಗಿದ್ರೆ ಗಂಟು ಹೋಗ್ತಿತ್ತಾ?”

“ನೀನೇ ಬೇಡ ಅಂದಿದ್ಯಲ್ಲ.”

ಆಯಾ ಹೊಡೆಯಲು ಕೈ ಎತ್ತಿದಳು. ಯಾರನ್ನು ಹೊಡೆಯಬೇಕು ಎಂದು ತಿಳಿಯಲಿಲ್ಲ. ಎತ್ತಿದ ಕೈ ಹಾಗೇ ಸ್ಕರ್ಟಿಗೆ ಹೋಯಿತು. “ಬಿಡು. ನಿನಗೆ ತಿಕ್ಕೋಕೆ ಬರಲ್ಲ,” ಎಂದಳು.

ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ದಿನ ಸಾಲು ನಿಂತರು. ಕೆಳಗಿನಿಂದ ಕ್ಯಾಮೆರಾ ಹಾಕಿ ನೋಡಿದರು. ಹುಡುಗಿ ಬೆಂಚಿನ ಕಬ್ಬಿಣ ಹಿಡಿದುಕೊಂಡು ಹಲ್ಲು ಕಚ್ಚಿದಳು, ಅಳಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪು. ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು.

“ದೊಡ್ಡ ಕರುಳಿನ ಒಳಗೋಡೆ ತುಂಬ ಹುಣ್ಣಾಗಿದೆ. ಅಲ್ಸರೇಟಿವ್ ಕೊಲೈಟಿಸ್ ಅಂತಾರೆ. ಮೈಯನ್ನ ಕಾಯೋ ಶಕ್ತಿ ಇರುತ್ತಲ್ಲ, ಅದೇ ತಿರುಗಿ ಬಿದ್ದು ಕರುಳನ್ನ ಕಡಿಯುತ್ತೆ.”

“ಕಾವಲಿಗೆ ಇಟ್ಟ ನಾಯಿ ಮನೆಯವರನ್ನೇ ಕಚ್ಚಿದ ಹಾಗಾ?” ಎಂದಳು ಮಗಳು.

“ಹಾಗೇ,” ಎಂದರು ಡಾಕ್ಟರು. ಅವತ್ತು ಅವರು ನಕ್ಕದ್ದು ಅದೊಂದೇ ಸಲ.

ನಾಲ್ಕು ದಿನದಿಂದ ಕೇಳಬೇಕೆಂದಿದ್ದುದನ್ನು ಆಯಾ ಈಗ ಕೇಳಿದಳು. “ಡಾಕ್ಟ್ರೇ, ನಾನು ಕಕ್ಕಸು ತೊಳೆಯೋಳು. ಅದೇ ಕೈಯಲ್ಲಿ ಇವಳಿಗೆ ತಿನ್ನಿಸಿದೀನಿ. ನನ್ನ ಕೈಯಿಂದ ಬಂತಾ?”

“ಇಲ್ಲಮ್ಮ. ನಿಮ್ಮ ಕೈಯಿಂದ ಬಂದಿಲ್ಲ. ಯಾರಿಂದಾನೂ ಬರಲ್ಲ, ಯಾರಿಗೂ ಅಂಟಲ್ಲ.” ಅವರು ನಿಧಾನವಾಗಿ ಹೇಳಿದರು. ಪೂರ್ತಿ ವಾಸಿಯಾಗುವ ರೋಗವಲ್ಲ. ಏಳುತ್ತದೆ, ಅಡಗುತ್ತದೆ. ಔಷಧಿ ಬಿಡಬಾರದು. “ಎಲ್ಲಕ್ಕಿಂತ ಮುಖ್ಯ, ಬಂತು ಅಂದ್ರೆ ಇವಳಿಗೆ ಇರೋದು ಒಂದು ನಿಮಿಷ, ಹೆಚ್ಚೆಂದ್ರೆ ಎರಡು. ತಡೆಯೋಕಾಗಲ್ಲ. ಹಟ ಅಲ್ಲ, ನೆಪ ಅಲ್ಲ. ಶಾಲೆಗೆ ಕಾಗದ ಬರೆದು ಕೊಡ್ತೀನಿ. ಕೇಳದೆ ಎದ್ದು ಹೋಗೋಕೆ ಬಿಡಬೇಕು.”

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡು ಗೋಡೆಗೆ ಒರಗಿದಳು. “ತೊಳೆಯೋಳ ಹೊಟ್ಟೇಲಿ ತೊಳೆಯೋದೇ ಹುಟ್ಟಿತು,” ಎಂದಳು. ಆದರೆ ಮರುದಿನದಿಂದ ಮೊಮ್ಮಗಳಿಗೆ ಅನ್ನವನ್ನು ಬೇರೆಯಾಗಿ ಮೆತ್ತಗೆ ಬೇಯಿಸಿದವಳೂ ಅವಳೇ. ಬಾಯಿ ಒಂದು ದಾರಿ, ಕೈ ಒಂದು ದಾರಿ.

ಬೆಳಗ್ಗೆ ಮಾತ್ರೆ. ಸಂಜೆ ಕೆಲಸದಿಂದ ಬಂದ ಕೂಡಲೇ ಆಯಾ ಮಗಳನ್ನು ಎಡಮಗ್ಗುಲಿಗೆ ಮಲಗಿಸಿ, ಕೆಳಗಿನಿಂದ ಔಷಧಿಯ ನೀರು ಏರಿಸುತ್ತಿದ್ದಳು. ಅರ್ಧ ಗಂಟೆ ಅಲುಗಾಡಬಾರದು. ಆ ಅರ್ಧ ಗಂಟೆ ಮಗಳು ಗೋಡೆ ನೋಡುತ್ತ ಮಾತಾಡುತ್ತಿದ್ದಳು. “ಅಮ್ಮ, ನನ್ನ ಹೊಟ್ಟೇಲೂ ಒಬ್ಬಳು ದೊಡ್ಡ ಮೇಡಂ ಇದಾಳೆ. ಯಾವಾಗ ಬೆಲ್ ಹೊಡೀತಾಳೋ ಹೇಳೋಕಾಗಲ್ಲ.” ಹುಣ್ಣು ಅಡಗಲೆಂದು ಕೊಟ್ಟ ಇನ್ನೊಂದು ಮಾತ್ರೆಯಿಂದ ಅವಳ ಮುಖ ಊದಿತು. ಕೈಕಾಲು ಕಡ್ಡಿಯಾಗಿಯೇ ಉಳಿದು ಕೆನ್ನೆ ಮಾತ್ರ ಉಬ್ಬಿತು. ಶಾಲೆಯವರು ಕಡ್ಡಿ ಎನ್ನುವುದನ್ನು ಬಿಟ್ಟು ಬನ್ನು ಎಂದರು. “ಬಡ್ತಿ ಸಿಕ್ತು,” ಎಂದಳು ಮಗಳು. ಹೇಳಿದ ಮೇಲೂ ಗೋಡೆಯ ಕಡೆಗೇ ತಿರುಗಿದ್ದಳು, ಅವಳ ಮುಖ ಕಾಣಲಿಲ್ಲ.

ದೊಡ್ಡ ಮೇಡಂ ಕೋಣೆಯಲ್ಲಿ ಆಯಾ ನಿಂತೇ ಇದ್ದಳು. ಯಾರೂ ಕೂರು ಎನ್ನಲಿಲ್ಲ. ಡಾಕ್ಟರ ಕಾಗದವನ್ನು ದೊಡ್ಡ ಮೇಡಂ ಎರಡು ಬೆರಳಿನಲ್ಲಿ ಹಿಡಿದು ಓದಿದಳು.

“ಇವಳು ನಿನ್ನ ಮಗಳಾ? ನನಗೆ ಗೊತ್ತೇ ಇರಲಿಲ್ಲವಲ್ಲ. ಅಂಟುರೋಗ ಅಲ್ಲ ತಾನೆ?”

“ಅಲ್ಲ ಮೇಡಂ. ಅದರಲ್ಲೇ ಬರೆದಿದಾರೆ.”

“ಬರೀತಾರೆ. ಅವರಿಗೇನು. ನಾಳೆ ನಾನೂರು ತಾಯಂದಿರಿಗೆ ಉತ್ತರ ಹೇಳೋಳು ನಾನು. ವಾಸಿ ಆದ ಮೇಲೆ ಕಳಿಸು.”

“ಪೂರ್ತಿ ವಾಸಿ ಆಗಲ್ವಂತೆ ಮೇಡಂ. ಹತೋಟಿಗೆ ಬರುತ್ತಂತೆ.”

“ಹಾಗಾದ್ರೆ ಹತೋಟಿಗೆ ಬಂದ ಮೇಲೆ ಕಳಿಸು.”

“ಅಷ್ಟರಲ್ಲಿ ವರ್ಷ ಹೋಗುತ್ತೆ ಮೇಡಂ. ಓದು ಬಿಟ್ರೆ ಇವಳಿಗೆ ಏನಿದೆ, ನನ್ನ ಪೊರಕೆ ಬಿಟ್ರೆ? ಹೊರಬಾಗಿಲಿಗೆ ಬೀಗ ಹಾಕದೆ ಬಿಡಿ, ಸಾಕು. ಅವಳು ಹೋದಾಗಲೆಲ್ಲ ನಾನೇ ತೊಳೀತೀನಿ. ಪ್ರತಿ ಸಲ ತೊಳೀತೀನಿ.”

“ಒಬ್ಬಳಿಗೆ ಬಿಟ್ರೆ ನಾನೂರು ಜನಕ್ಕೂ ಹೊಟ್ಟೆ ನೋಯೋಕೆ ಶುರುವಾಗುತ್ತೆ. ಮುಂದಿನ ತಿಂಗಳು ತಪಾಸಣೆ ಇದೆ.” ದೊಡ್ಡ ಮೇಡಂ ಕಾಗದವನ್ನು ಮಡಚಿ ಮೇಜಿನ ಅಂಚಿಗೆ ತಳ್ಳಿದಳು. “ಒಂದು ಕೆಲಸ ಮಾಡು. ಹಿಂದೆ ನಿಮ್ಮದು ಇದೆಯಲ್ಲ, ಅಲ್ಲಿಗೆ ಹೋಗಲಿ. ಯಾವಾಗ ಬೇಕಾದ್ರೂ ಹೋಗಲಿ. ಅಷ್ಟು ದಯೆ ತೋರಿಸಬಲ್ಲೆ.”

ನಿಮ್ಮದು. ಮೈದಾನದ ಆಚೆ, ನೀರಿನ ಟ್ಯಾಂಕಿನ ಹಿಂದೆ, ತಗಡಿನ ಬಾಗಿಲಿನ ಒಂದು ಗುಂಡಿ. ಚಿಲಕ ಇಲ್ಲ, ನಲ್ಲಿ ಇಲ್ಲ. ಆಯಾ, ವಾಚ್‌ಮನ್, ಗಿಡಕ್ಕೆ ನೀರು ಹಾಕುವವನು, ಮೂವರಿಗೂ ಅದೇ. ಹತ್ತು ವರ್ಷ ಆರು ಕಕ್ಕಸು ತೊಳೆದವಳು ಆ ಆರರಲ್ಲಿ ಒಂದರಲ್ಲೂ ಒಂದು ದಿನ ಕೂತವಳಲ್ಲ. ಕೂತುಕೊಳ್ಳಬಹುದು ಎಂದು ಅವಳಿಗೆ ಹೊಳೆದೂ ಇರಲಿಲ್ಲ.

“ಹೂಂ ಮೇಡಂ,” ಎಂದಳು. ಬಾಯಿಗೆ ರೂಢಿಯಾದ ಮಾತು. ಯೋಚನೆಗಿಂತ ಮೊದಲೇ ಬಂದುಬಿಡುತ್ತದೆ.

ಅವತ್ತು ಶಾಲೆ ಬಿಟ್ಟ ಮೇಲೆ ಮಗಳ ತರಗತಿಯ ಬಾಗಿಲಿನಿಂದ ತಗಡಿನ ಬಾಗಿಲ ತನಕ ನಡೆದು ನೋಡಿದಳು. ಇನ್ನೂರ ಹನ್ನೆರಡು ಹೆಜ್ಜೆ. ನಡುವೆ ಹನ್ನೆಂಟು ಮೆಟ್ಟಿಲು. ತರಗತಿಯಿಂದ ಬೀಗ ಹಾಕಿದ ಬಾಗಿಲಿಗೆ ಮೂವತ್ತು ಹೆಜ್ಜೆ.

ಮಗಳು ಓಡಿದಳು. ದಿನಕ್ಕೆ ನಾಲ್ಕು ಸಲ, ಐದು ಸಲ. ಒಂದು ಕೈ ಹೊಟ್ಟೆಗೆ, ಒಂದು ಕೈಯಲ್ಲಿ ನೀರಿನ ಬಾಟಲಿ. ಕಿಟಕಿಗಳಲ್ಲಿ ಮುಖಗಳು ತುಂಬುತ್ತಿದ್ದವು. “ಬನ್ನು ಹೊರಟಳು ಕಣ್ರೇ.” ಕೆಲಸದವರ ಗುಂಡಿಗೆ ಯಾಕೆ ಹೋಗುತ್ತಾಳೆ ಎಂದು ಎರಡು ದಿನ ಪಿಸುಗುಟ್ಟಿದರು. ಮೂರನೇ ದಿನ ತಾಯಿ ಯಾರು ಎಂದು ಶಾಲೆಗೆಲ್ಲ ಗೊತ್ತಾಯಿತು. ನಾಲ್ಕನೇ ದಿನ ಪಕ್ಕದವಳು ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು.

“ಪರವಾಗಿಲ್ಲ,” ಎಂದಳು ಮಗಳು. “ಈಗ ಇಡೀ ಬೆಂಚು ನಂದೇ. ಕಾಲು ಚಾಚಿ ಕೂರಬಹುದು.”

ಆಯಾ ಮೇಲಿನ ವರಾಂಡದಲ್ಲಿ ಒರೆಸುವ ಕೋಲು ಹಿಡಿದುಕೊಂಡು ಅವಳು ಓಡುವುದನ್ನು ನೋಡುತ್ತಿದ್ದಳು. ಬೀಗದಕೈ ಅವಳ ನೀಲಿ ಕೋಟಿನ ಜೇಬಿನಲ್ಲೇ ಇರುತ್ತಿತ್ತು. ಜಗತ್ತಿನಲ್ಲಿ ಆ ಬಾಗಿಲನ್ನು ತೆಗೆಯಬಲ್ಲ ಒಂದೇ ಒಂದು ಕೈ ಅವಳದು. ತೆಗೆಯಲಿಲ್ಲ. ಕೆಲಸ ಹೋದರೆ ಔಷಧಿ ಹೋಗುತ್ತದೆ, ಔಷಧಿ ಹೋದರೆ ಮಗಳು ಹೋಗುತ್ತಾಳೆ. ಹೀಗೆ ಯೋಚಿಸುವಂತೆ ಬಡವರಿಗೆ ಚೆನ್ನಾಗಿ ಕಲಿಸಿಟ್ಟಿದ್ದಾರೆ.

ತಪಾಸಣೆಯ ದಿನ ಬಂತು.

ಆಯಾ ಬೆಳಕು ಹರಿಯುವ ಮೊದಲೇ ಬಂದು ಆರು ಕಕ್ಕಸನ್ನೂ ಎರಡೆರಡು ಸಲ ತೊಳೆದಳು. ಆಸಿಡ್ಡಿನ ಹೊಗೆಗೆ ಕಣ್ಣು ಉರಿದು ನೀರು ಬಂತು. ಹೊಸ ಸೋಪು, ಹೊಸ ಟವೆಲ್ಲು, ಕನ್ನಡಿಯ ಕೆಳಗೆ ಹೂವಿನ ಕುಂಡ. ತಪಾಸಣೆ ಮುಗಿದ ಮೇಲೆ ಎಲ್ಲವೂ ಬೀರುವಿಗೆ ವಾಪಸು ಹೋಗಬೇಕು. ಅಧಿಕಾರಿಗಳು ಹೋಗುವ ತನಕ ಇವತ್ತು ಬಿಡುವಿನಲ್ಲೂ ಬೀಗ ತೆಗೆಯುವಂತಿಲ್ಲ ಎಂದು ಅಪ್ಪಣೆಯಾಗಿತ್ತು. ಮಕ್ಕಳೆಲ್ಲ ತೊಡೆ ಬಿಗಿಹಿಡಿದು ಕೂತಿದ್ದರು.

ಮೂರನೇ ಪೀರಿಯಡ್ಡಿಗೆ ಅಧಿಕಾರಿಗಳು ಬಂದರು. ಒಬ್ಬ ದಪ್ಪ ಗಂಡಸು, ಫೈಲು ಹಿಡಿದ ಒಬ್ಬಳು ಹೆಂಗಸು. ದೊಡ್ಡ ಮೇಡಂ ಅವರನ್ನು ತನ್ನ ಕೋಣೆಯಿಂದ ಹೊರಡಿಸಿಕೊಂಡು ವರಾಂಡಕ್ಕೆ ಕಾಲಿಟ್ಟಳು. ಆಗಲೇ ಮಗಳು ತರಗತಿಯಿಂದ ಹೊರಬಿದ್ದಳು. ಓಡಿ ಬಂದಳು. ಮೆಟ್ಟಿಲಿಗೆ ಹೋಗಬೇಕಾದರೆ ಆ ಕೋಣೆಯನ್ನು ದಾಟಲೇಬೇಕು.

“ಏಯ್. ನಿಂತ್ಕೋ.”

ನಿಂತಳು.

“ಶಾಲೆಯಲ್ಲಿ ಹೀಗಾ ಓಡೋದು? ಇದನ್ನಾ ನಾವು ಕಲಿಸಿರೋದು? ಅತಿಥಿಗಳಿಗೆ ನಮಸ್ಕಾರ ಹೇಳು.”

“ನಮಸ್ಕಾರ,” ಎಂದಳು ಮಗಳು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡಿತ್ತು.

“ನೆಟ್ಟಗೆ ನಿಂತು ಹೇಳು. ಕೈ ಕೆಳಗೆ. ಹೆಸರು, ತರಗತಿ.”

ಮಗಳು ಕೈಯನ್ನು ಹೊಟ್ಟೆಯಿಂದ ಕೆಳಗೆ ಇಳಿಸಿದಳು. ನೆಟ್ಟಗೆ ನಿಂತಳು. ಹೆಸರು ಹೇಳಿದಳು. ತರಗತಿ ಹೇಳುತ್ತಿರುವಾಗ ಆಗಿಹೋಯಿತು. ಮಾತು ನಿಲ್ಲಿಸಲಿಲ್ಲ. “ಏಳನೇ ತರಗತಿ” ಎಂದು ಪೂರ್ತಿ ಹೇಳಿ ಮುಗಿಸಿದಳು. ಕಾಲಿನ ಉದ್ದಕ್ಕೂ ಇಳಿದು, ಬಿಳಿ ಕಾಲುಚೀಲ ತುಂಬಿ, ದೊಡ್ಡ ಮೇಡಂ ಕೋಣೆಯ ಹೊಸಿಲ ಮುಂದೆ ಹರಡಿತು. ಹೇಲಿಗಿಂತ ರಕ್ತವೇ ಹೆಚ್ಚು.

ಫೈಲಿನವಳು ಮೂಗಿಗೆ ಫೈಲನ್ನೇ ಹಿಡಿದಳು. ದಪ್ಪ ಗಂಡಸು ಹಿಂದಕ್ಕೆ ಹೆಜ್ಜೆ ಇಟ್ಟ.

“ಆಯಾ,” ಎಂದು ಕೂಗಿದಳು ದೊಡ್ಡ ಮೇಡಂ. “ಬಾ ಇಲ್ಲಿ. ಬೇಗ ಒರೆಸು ಇದನ್ನ.” ಅಧಿಕಾರಿಗಳ ಕಡೆಗೆ ತಿರುಗಿ ನಕ್ಕಳು. “ಆಯಾ ಮಗಳು. ಪಾಪ ಅಂತ ಇಟ್ಕೊಂಡಿದೀವಿ. ಮನೆ ವಾತಾವರಣ, ನೋಡಿ.”

ಆಯಾ ಬಕೆಟ್ಟು, ಕೋಲು ಹಿಡಿದು ಬಂದಿದ್ದಳು. ಕರೆದರೆ ಕಾಲುಗಳು ಬಂದುಬಿಡುತ್ತವೆ. ಬಟ್ಟೆ ನೆನೆಸಿದ್ದಳು, ಹಿಂಡಿದ್ದಳು. ಬೆನ್ನು ಆಗಲೇ ಅರ್ಧ ಬಗ್ಗಿತ್ತು. ಅಷ್ಟರಲ್ಲಿ ಮಗಳು ಕೈ ಚಾಚಿ ಅವಳ ಕೈಯಿಂದ ಕೋಲು ತೆಗೆದುಕೊಂಡಳು.

“ನಾನೇ ಒರೆಸ್ತೀನಿ ಮೇಡಂ,” ಎಂದಳು. “ತಪ್ಪಾಯ್ತು.”

ಬಗ್ಗಿದಳು. ಹನ್ನೆರಡು ವರ್ಷದ ಬೆನ್ನು. ಕೋಲನ್ನು ಎರಡು ಕೈಯಲ್ಲಿ ಹಿಡಿದ ರೀತಿ ಥೇಟು ತಾಯಿಯದೇ. ಯಾರೂ ಕಲಿಸಿರಲಿಲ್ಲ. ಆಯಾ ನೋಡಿದಳು. ಆರು ವರ್ಷ ಅಮ್ಮ ಅನ್ನಬೇಡ ಎಂದು ಬಾಯಿ ಮುಚ್ಚಿಸಿದ್ದು, ಕಾಲು ಹಿಡಿದು ಸೀಟು ತಂದಿದ್ದು, ಇನ್ನೂರ ಹನ್ನೆರಡು ಹೆಜ್ಜೆ ಓಡಿಸಿದ್ದು, ಎಲ್ಲ ಈ ಒಂದು ಬಗ್ಗುವಿಕೆಯನ್ನು ತಪ್ಪಿಸಲು. ಅದು ಕಣ್ಣ ಮುಂದೆ ನಡೆಯುತ್ತಿತ್ತು.

“ಮುಟ್ಟಬೇಡ,” ಎಂದಳು.

ಮಗಳ ಕೈಯಿಂದ ಕೋಲು ಕಿತ್ತುಕೊಂಡಳು. ಗೋಡೆಗೆ ಒರಗಿಸಿದಳು.

“ಏನು ನೋಡ್ತಿದೀಯ, ಒರೆಸು,” ಎಂದಳು ದೊಡ್ಡ ಮೇಡಂ.

“ಒರೆಸಲ್ಲ.”

“ಏನಂದೆ?”

“ಒರೆಸಲ್ಲ ಅಂದೆ.” ದನಿ ಏರಿರಲಿಲ್ಲ. “ಹತ್ತು ವರ್ಷ ನಾನೂರು ಜನರದ್ದು ತೊಳೆದೆ. ಟೀಚರುಗಳದ್ದು ತೊಳೆದೆ. ನಿಮ್ಮದೂ ತೊಳೆದಿದೀನಿ ಮೇಡಂ, ನಿಮಗೆ ಏನೇನು ಜೀರ್ಣ ಆಗಲ್ಲ ಅನ್ನೋದೂ ನನಗೆ ಗೊತ್ತು. ಇದೊಂದು ತೊಳೆಯಲ್ಲ. ಮಗಳನ್ನ ತೊಳೀತೀನಿ. ನೆಲ ನಿಮ್ಮದು.”

ಮಗಳ ರಟ್ಟೆ ಹಿಡಿದಳು. ಬೀಗ ಹಾಕಿದ ಬಾಗಿಲಿಗೆ ನಡೆಸಿಕೊಂಡು ಹೋದಳು. ಬೀಗ ತೆಗೆದಳು. ತರಗತಿ ನಡೆಯುವ ಹೊತ್ತಿನಲ್ಲಿ ಆ ಬಾಗಿಲು ಒಬ್ಬ ಹುಡುಗಿಗೆಂದು ತೆರೆದದ್ದು ಮೂರು ವರ್ಷದಲ್ಲಿ ಅದೇ ಮೊದಲು. ಅಧಿಕಾರಿಗಳಿಗೆಂದು ಇಟ್ಟ ಹೊಸ ಸೋಪಿನ ಕಾಗದ ಹರಿದಳು. ಮಗಳನ್ನು ನಿಲ್ಲಿಸಿ ಸೊಂಟದಿಂದ ಕೆಳಗೆ ತೊಳೆದಳು. ತೊಡೆ, ಮೊಣಕಾಲು, ಬೆರಳಿನ ಸಂದು. ಅಷ್ಟು ನಿಧಾನವಾಗಿ ಅವಳು ಆ ಕೋಣೆಯಲ್ಲಿ ಏನನ್ನೂ ತೊಳೆದಿರಲಿಲ್ಲ. ಹೊಸ ಟವೆಲ್ಲಿನಲ್ಲಿ ಒರೆಸಿದಳು.

ಮಗಳು ತಾಯಿಯ ಹೆಗಲು ಹಿಡಿದುಕೊಂಡಳು. “ಕೆಲಸ ಹೋಯ್ತಲ್ಲ ಅಮ್ಮ.”

“ಹೋಯ್ತು.”

“ಔಷಧಿ?”

“ಬೇರೆ ಕಡೆ ಕಕ್ಕಸು ಇಲ್ವಾ? ಹೇಲದ ಜನ ಇರೋ ಊರು ಯಾವುದಿದೆ?” ತನ್ನ ನೀಲಿ ಕೋಟು ಬಿಚ್ಚಿ ಮಗಳಿಗೆ ತೊಡಿಸಿದಳು. ಅದು ಅವಳ ಮೊಣಕಾಲ ಕೆಳಗೆ ಬಂತು. “ಬಾ. ಮನೆಗೆ ಹೋಗೋಣ.”

ಮಗಳು ಗುಂಡಿ ಹಾಕಿಕೊಂಡಳು. ತೋಳು ಉದ್ದವಿತ್ತು, ಎರಡು ಮಡಿಕೆ ಮಡಚಿದಳು. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು.

“ಇನ್ನೂ ಮೂರು ಪೀರಿಯಡ್ಡಿದೆ,” ಎಂದಳು.

“ಈ ಬಟ್ಟೇಲಿ ಕೂರ್ತೀಯಾ?”

“ನೀನು ಹತ್ತು ವರ್ಷ ಇದರಲ್ಲೇ ಇರಲಿಲ್ವಾ?”

ಅಷ್ಟರಲ್ಲಿ ದೊಡ್ಡ ಮೇಡಂ ತನ್ನ ಕೋಣೆಯೊಳಕ್ಕೆ ಸರಿದು ಹೊಸಿಲ ಒಳಗೆ ನಿಂತಿದ್ದಳು. ದಾಟುವ ಹಾಗಿಲ್ಲ. ಅಧಿಕಾರಿಗಳು ಸುತ್ತು ಹಾಕಿಕೊಂಡು ಕೆಳಗಿಳಿದು ಹೋಗಿದ್ದರು. ಫೈಲಿನಲ್ಲಿ ಏನು ಬರೆದುಕೊಂಡರೋ ಯಾರಿಗೂ ತಿಳಿಯಲಿಲ್ಲ. ಬರೆದುಕೊಂಡರೋ ಇಲ್ಲವೋ. ವಾಚ್‌ಮನ್‌ಗೆ ಬುಲಾವು ಹೋಗಿ ಅವನು ಬಂದ. ನೋಡಿದ. ತಲೆ ಕೆರೆದುಕೊಂಡ.

“ನಂದು ಗೇಟು ಕೆಲಸ ಮೇಡಂ.”

“ಒಂದು ಬಕೆಟ್ ನೀರು ಸುರಿಯೋಕೆ ಏನು ಕಷ್ಟ ನಿನಗೆ?”

“ಕಷ್ಟ ಏನಿಲ್ಲ. ಬಕೆಟ್ಟು ಅಲ್ಲೇ ಇದೆಯಲ್ಲ ಮೇಡಂ, ನಿಮ್ಮ ಕೈಗೇ ಸಿಗುತ್ತೆ,” ಎಂದು ಹೇಳಿ ಅವನು ಇಳಿದು ಹೋದ.

ದೊಡ್ಡ ಮೇಡಂ ಅಲ್ಲಿಂದಲೇ ಕೂಗಿದಳು. “ನಾಳೆಯಿಂದ ಇಬ್ಬರೂ ಗೇಟಿನ ಒಳಗೆ ಕಾಲಿಡೋ ಹಾಗಿಲ್ಲ. ಕೇಳಿಸ್ತಾ? ಇಬ್ಬರೂ.”

ಕೇಳಿಸಿತು. ಇಡೀ ವರಾಂಡಕ್ಕೆ ಕೇಳಿಸಿತು. ಮಗಳು ನೀಲಿ ಕೋಟಿನಲ್ಲಿ ತನ್ನ ತರಗತಿಯೊಳಕ್ಕೆ ಹೋಗಿ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಪುಸ್ತಕ ತೆಗೆದಳು. ಟೀಚರು ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಕೊನೆಗೆ ಬೋರ್ಡಿಗೆ ತಿರುಗಿ ಲೆಕ್ಕ ಬರೆದಳು. ಆಯಾ ತರಗತಿಯ ಹೊರಗೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಕೈಕಟ್ಟಿದಳು. ಶಾಲೆಯಲ್ಲಿ ಎಲ್ಲರ ಕಣ್ಣೆದುರು ಕೆಲಸವಿಲ್ಲದೆ ಕೂತು ಅವಳಿಗೆ ಗೊತ್ತಿರಲಿಲ್ಲ. ಕೈಗಳು ಎರಡು ಸಲ ತಾವಾಗಿಯೇ ಏಳಲು ನೋಡಿದವು. ಗಟ್ಟಿಯಾಗಿ ಕಂಕುಳಲ್ಲಿ ಒತ್ತಿಕೊಂಡಳು. ಹೊಸಿಲ ಮುಂದಿನದರ ಮೇಲೆ ನೊಣ ಕೂತವು. ವಾಸನೆ ಗಾಜಿನ ಚೌಕಟ್ಟುಗಳಿದ್ದ ಕೋಣೆಯೊಳಕ್ಕೆ ಹೋಯಿತು. ಹೋಗಲಿ.

ನಾಳೆ ಗೇಟಿನಲ್ಲಿ ತಡೆಯುತ್ತಾರೆ. ನಾಡಿದ್ದು ಇನ್ನೊಬ್ಬಳು ಬಂದು ಪೊರಕೆ ಹಿಡಿಯುತ್ತಾಳೆ, ಅವಳ ಮನೆಯಲ್ಲೂ ಹಸಿವಿರುತ್ತದೆ. ಮಗಳ ಹೆಸರನ್ನು ಹಾಜರಿಯಿಂದ ಹೊಡೆದುಹಾಕುತ್ತಾರೆ. ಇನ್ನೊಂದು ಶಾಲೆ, ಇನ್ನೊಬ್ಬ ಮೇಡಂ, ಅದೇ ಕಾಗದ. ಇದೆಲ್ಲ ಆಯಾಳಿಗೆ ಗೊತ್ತಿತ್ತು. ಒಳಗೆ ಕೂತ ಮಗಳಿಗೂ ಗೊತ್ತಿತ್ತು.

ಇಪ್ಪತ್ತು ನಿಮಿಷ ಕಳೆದಿರಬಹುದು. ಮಗಳು ಎದ್ದಳು. ಕೈ ಎತ್ತಲಿಲ್ಲ. ಟೀಚರನ್ನು ಕೇಳಲಿಲ್ಲ. ಹೊರಗೆ ಬಂದಳು. ತಾಯಿ ಮೇಲೇಳಲು ನೋಡಿದಾಗ ಬೇಡ ಎಂದು ತಲೆಯಾಡಿಸಿದಳು. ಬೀಗ ಹಾಕದೆ ಬಿಟ್ಟು ಬಂದ ಬಾಗಿಲಿಗೆ ಮೂವತ್ತೇ ಹೆಜ್ಜೆ. ಮೊದಲ ಐದು ಹೆಜ್ಜೆ ಅಭ್ಯಾಸಬಲದಿಂದ ಓಡಿದಳು. ಆಮೇಲೆ ನಿಧಾನ ಮಾಡಿದಳು. ಉಳಿದ ಇಪ್ಪತ್ತೈದು ಹೆಜ್ಜೆಯನ್ನು, ಎಲ್ಲ ಕಿಟಕಿಗಳೂ ನೋಡುತ್ತಿದ್ದ ಹಾಗೆ, ನಡೆದುಕೊಂಡು ಹೋದಳು.